ಟೆಗುವಿನ ಹೆಸರು

ಒಂದು ಊರಿನಲ್ಲಿ ಇಬ್ಬರು ರಾಮಣ್ಣಂದಿರಿದ್ದಾರೆಂದು ಭಾವಿಸಿರಿ. ಊರಿನ ಲೆಕ್ಕದ ಪುಸ್ತಕದಲ್ಲಿ ‘ರಾಮಣ್ಣ’ ಎಂಬ ಹೆಸರಷ್ಟೇ ಇದ್ದು, ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಇಲ್ಲದಿದ್ದರೆ ಒಬ್ಬನು ಮಾಡಿದ ಸಾಲವು ಇನ್ನೊಬ್ಬನ ತಲೆಗೆ ಕಟ್ಟಬಹುದು. ಒಬ್ಬನು ಕಟ್ಟಿದ ಕಂದಾಯವು ಇನ್ನೊಬ್ಬನ ಲೆಕ್ಕಕ್ಕೆ ಜಮೆಯಾಗಬಹುದು. ಹೆಸರು ಎಂಬುದು ಕೇವಲ ಕರೆಯುವುದಕ್ಕೆ ಇರುವ ಅನುಕೂಲವಲ್ಲ. ಅದರ ಹಿಂದೆ ಒಂದು ಬಾಳಿನ ಸಮಸ್ತ ವಿವರವೂ ನಿಂತಿರುತ್ತದೆ. ಮನುಷ್ಯನಾದರೆ ತನ್ನ ಹೆಸರು ತಪ್ಪಾದಾಗ ಬಂದು ಕೇಳಬಲ್ಲನು. ಮೂಕಪ್ರಾಣಿಯು ಕೇಳಲಾರದು. ದಕ್ಷಿಣ ಅಮೆರಿಕದ ಒಂದು ದೊಡ್ಡ ಹಲ್ಲಿಯು ಸುಮಾರು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇರೊಂದು ಪ್ರಾಣಿಯ ಹೆಸರನ್ನು ಹೊತ್ತು ಬದುಕಿತು. ಆ ತಪ್ಪು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಕೊನೆಗೆ ಹೇಗೆ ತಿದ್ದಿತು ಎಂಬುದು ವಿಜ್ಞಾನದ ಚರಿತ್ರೆಯಲ್ಲಿ ತಿಳಿಯತಕ್ಕ ಒಂದು ಸಂಗತಿ.

ಈ ಪ್ರಾಣಿಯ ರೂಢಿಯ ಹೆಸರು ಟೆಗು. ದಕ್ಷಿಣ ಬ್ರೆಜಿಲ್, ಉರುಗ್ವೆ, ಪರಾಗ್ವೆ ಮತ್ತು ಉತ್ತರ ಅರ್ಜೆಂಟೀನ ದೇಶಗಳ ಹುಲ್ಲುಗಾವಲುಗಳಲ್ಲಿ, ಕುರುಚಲು ಕಾಡುಗಳಲ್ಲಿ, ಹೊಲಗಳ ಅಂಚಿನಲ್ಲಿ ಇದು ವಾಸಿಸುತ್ತದೆ. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಬೆಳೆದ ಟೆಗುವಿನ ಉದ್ದವು ಒಂದು ಮೀಟರನ್ನು ಮೀರುತ್ತದೆ. ಕಪ್ಪು ಮೈಯ ಮೇಲೆ ಬಿಳಿಯ ಚುಕ್ಕೆಗಳು ಸಾಲುಗಟ್ಟಿ ಅಡ್ಡಪಟ್ಟೆಗಳಾಗಿ ಕಾಣುತ್ತವೆ. ಇದಕ್ಕೆ ಬೇಡವಾದ ಆಹಾರವೇ ಇಲ್ಲವೆನ್ನಬಹುದು. ಹಣ್ಣು, ಹುಳು, ಬಸವನಹುಳು, ಹಕ್ಕಿಯ ಮೊಟ್ಟೆ, ಸಣ್ಣ ಪ್ರಾಣಿ, ಸತ್ತ ಪ್ರಾಣಿ ಎಲ್ಲವೂ ಇದಕ್ಕೆ ಸಲ್ಲುತ್ತವೆ. ತಿಂದ ಹಣ್ಣಿನ ಬೀಜಗಳನ್ನು ದೂರ ಒಯ್ದು ಬಿಡುವುದರಿಂದ ಕಾಡಿನ ಮರಗಳಿಗೆ ಇದು ಉಪಕಾರಿಯೂ ಹೌದು. ಚಳಿಗಾಲದಲ್ಲಿ ಕೆಲವು ತಿಂಗಳು ಬಿಲದೊಳಗೆ ಆಹಾರವಿಲ್ಲದೆ ಮಲಗಿರುತ್ತದೆ. ವಸಂತದಲ್ಲಿ ಹೊರಬಂದು ಜೊತೆಗೂಡುತ್ತದೆ. ಹೆಣ್ಣು ಎಲೆ ಹುಲ್ಲುಗಳನ್ನು ಕೂಡಿಹಾಕಿ ಗೂಡು ಮಾಡಿ, ಮೊಟ್ಟೆಯಿಟ್ಟು, ಅವುಗಳನ್ನು ಕಾಯುತ್ತದೆ. ಹಲ್ಲಿಗಳ ಬಳಗದಲ್ಲಿ ಇಂತಹ ತಾಯ್ತನವು ಅಪರೂಪ.

ಟೆಗುವಿನ ಹೆಸರಿನ ಕಥೆ 17ನೆಯ ಶತಮಾನದಲ್ಲಿ ಆರಂಭವಾಗುತ್ತದೆ. ಆಗ ಬ್ರೆಜಿಲಿನ ಈಶಾನ್ಯ ಭಾಗವು ಡಚ್ಚರ ವಶದಲ್ಲಿತ್ತು. ಅವರ ಆಶ್ರಯದಲ್ಲಿ ಜಾರ್ಜ್ ಮಾರ್ಕ್‌ಗ್ರಾವ್ ಎಂಬ ಜರ್ಮನ್ ವಿದ್ವಾಂಸನು ಅಲ್ಲಿಗೆ ಹೋಗಿ ಗಿಡಮರಗಳನ್ನೂ ಪ್ರಾಣಿಪಕ್ಷಿಗಳನ್ನೂ ಕಂಡು ಬರೆದಿಟ್ಟನು. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಅವನ ಬರಹಗಳು ಗ್ರಂಥರೂಪದಲ್ಲಿ ಪ್ರಕಟವಾದುವು. ಬ್ರೆಜಿಲಿನ ಕಡಲತೀರದಲ್ಲಿ ನೆಲಸಿದ್ದ ತುಪಿನಾಂಬಾ ಎಂಬ ಮೂಲನಿವಾಸಿಗಳು ಈ ಪ್ರಾಣಿಯನ್ನು ‘ತೇಯುಗುವಾಸು’ ಎಂದು ಕರೆಯುತ್ತಿದ್ದರು. ಆ ಭಾಷೆಯಲ್ಲಿ ‘ತೇಯು’ ಎಂದರೆ ಹಲ್ಲಿ. ‘ಗುವಾಸು’ ಎಂದರೆ ದೊಡ್ಡದು. ಮಾರ್ಕ್‌ಗ್ರಾವನು ಈ ಹೆಸರನ್ನು ಬರೆದು, ಅದರ ಪಕ್ಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ ‘ಟುಪಿನಾಂಬಿಸ್’ ಎಂಬ ಪದವನ್ನು ಸೇರಿಸಿದನು. ತುಪಿನಾಂಬಾ ಜನರಲ್ಲಿ ಹೀಗೆ ಹೆಸರು ಎಂಬುದು ಅದರ ಅರ್ಥ. ಅದು ವಿಭಕ್ತಿ ಪ್ರತ್ಯಯ ಸೇರಿದ ಪದವೇ ಹೊರತು ಪ್ರಾಣಿಯ ಹೆಸರಲ್ಲ.

ಮುಂದೆ ಆ ಗ್ರಂಥವನ್ನು ಓದಿದವರು ‘ಟುಪಿನಾಂಬಿಸ್’ ಎಂಬುದೇ ಹಲ್ಲಿಯ ಹೆಸರೆಂದು ತಿಳಿದರು. ‘ಕೊಡವರಲ್ಲಿ ಇದಕ್ಕೆ ಇಂತಹ ಹೆಸರು’ ಎಂಬ ಕನ್ನಡ ವಾಕ್ಯವನ್ನು ಹೊರನಾಡಿನವನೊಬ್ಬನು ಓದಿ, ‘ಕೊಡವರಲ್ಲಿ’ ಎಂಬುದೇ ಪ್ರಾಣಿಯ ಹೆಸರೆಂದು ಬಗೆದರೆ ಹೇಗೋ ಇದೂ ಹಾಗೆ. 1802ರ ಸುಮಾರಿಗೆ ಫ್ರಾನ್ಸಿನ ದೋದಾಂ ಎಂಬ ವಿಜ್ಞಾನಿಯು ದೊಡ್ಡ ಹಲ್ಲಿಗಳ ಒಂದು ಜಾತಿಗೆ ‘ಟುಪಿನಾಂಬಿಸ್’ ಎಂದೇ ಹೆಸರಿಟ್ಟನು. ವಿಜ್ಞಾನದಲ್ಲಿ ಒಮ್ಮೆ ನಿಯಮದಂತೆ ಇಟ್ಟ ಹೆಸರನ್ನು ಅರ್ಥ ಸರಿಯಿಲ್ಲವೆಂಬ ಕಾರಣಕ್ಕೆ ತೆಗೆದುಹಾಕುವಂತಿಲ್ಲ. ಹೀಗೆ ಒಂದು ಜನಾಂಗದ ಹೆಸರು ವಿಭಕ್ತಿಯ ಸಹಿತ ಹಲ್ಲಿಗೆ ಅಂಟಿಕೊಂಡಿತು.

ದೋದಾಂನ ಜಾತಿಯೊಳಗೆ ದಕ್ಷಿಣ ಅಮೆರಿಕದ ಹಲ್ಲಿಗಳು ಮಾತ್ರವೇ ಇರಲಿಲ್ಲ. ಕನ್ನಡ ನಾಡಿನ ಹೊಲ ಬೇಣಗಳಲ್ಲಿಯೂ ಕಾಣಸಿಗುವ ಉಡಕ್ಕೆ ಅವನು 1802ರಲ್ಲಿ ಇಟ್ಟ ಹೆಸರು ‘ಟುಪಿನಾಂಬಿಸ್ ಬೆಂಗಾಲೆನ್ಸಿಸ್’. ಬ್ರೆಜಿಲಿನ ಕಡಲತೀರದ ಜನರ ಹೆಸರು ಭಾರತದ ಉಡಕ್ಕೆ! ಎರಡೂ ದೊಡ್ಡವು, ಎರಡರ ನಾಲಗೆಯೂ ಸೀಳಿದ್ದು, ಎರಡೂ ಬಿಲ ತೋಡುವುವು. ಆದ್ದರಿಂದ ಈ ತಪ್ಪು ಸಹಜವೇ ಆಗಿತ್ತು. ಆದರೆ ಕಣ್ಣಿಟ್ಟು ನೋಡಿದರೆ ಭೇದವು ತೋರುತ್ತದೆ. ಟೆಗುವಿನ ತಲೆಯ ಮೇಲೆ ದೊಡ್ಡ ದೊಡ್ಡ ಫಲಕಗಳು ಎಡಬಲಕ್ಕೆ ಸಮನಾಗಿ ಜೋಡಿಸಿದಂತಿವೆ. ಉಡದ ತಲೆಯ ಮೇಲೆ ಇರುವುದು ಸಣ್ಣ ಸಣ್ಣ ಹುರುಪೆಗಳು. ಅಪಾಯ ಬಂದಾಗ ಟೆಗು ತನ್ನ ಬಾಲವನ್ನು ಕಳಚಿ ಓಡಬಲ್ಲದು. ಉಡಕ್ಕೆ ಆ ಶಕ್ತಿಯಿಲ್ಲ. ಒಂದೇ ಬಗೆಯ ಬಾಳು ಬಾಳುವ ಪ್ರಾಣಿಗಳು ದೂರದೂರದ ಖಂಡಗಳಲ್ಲಿ ಒಂದನ್ನೊಂದು ಹೋಲುವಂತೆ ಬೆಳೆಯುತ್ತವೆ. ಹೋಲಿಕೆ ಇದ್ದ ಮಾತ್ರಕ್ಕೆ ನಂಟುತನವಿದೆಯೆಂದು ಹೇಳಲಾಗದು. 1820ರಲ್ಲಿ ಮೆರೆಮ್ ಎಂಬ ಜರ್ಮನ್ ವಿಜ್ಞಾನಿಯು ‘ವರಾನಸ್’ ಎಂಬ ಜಾತಿಯನ್ನು ಸ್ಥಾಪಿಸಿದನು. ಇಂದು ಉಡದ ವೈಜ್ಞಾನಿಕ ನಾಮ ‘ವರಾನಸ್ ಬೆಂಗಾಲೆನ್ಸಿಸ್’.

ಉಡದ ತೊಡಕು ಬಿಡಿಸಿತು. ಟೆಗುವಿನ ತೊಡಕು ಇನ್ನಷ್ಟು ಬಿಗಿಯಿತು. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಹತ್ತನೆಯ ಆವೃತ್ತಿಯನ್ನು ಪ್ರಕಟಿಸಿದನು. ಪ್ರತಿಯೊಂದು ಪ್ರಾಣಿಗೂ ಜಾತಿಯ ಹೆಸರೊಂದು, ಪ್ರಭೇದದ ಹೆಸರೊಂದು, ಹೀಗೆ ಎರಡು ಪದಗಳ ನಾಮವನ್ನು ಕೊಡುವ ಪದ್ಧತಿಯನ್ನು ಅವನು ಅದರಲ್ಲಿ ಪ್ರಾಣಿಗಳಿಗೆಲ್ಲ ಅನ್ವಯಿಸಿದನು. ಪ್ರಾಣಿಗಳ ವೈಜ್ಞಾನಿಕ ನಾಮಗಳ ಲೆಕ್ಕವು ಆ ಗ್ರಂಥದಿಂದಲೇ ಮೊದಲಾಗುತ್ತದೆ. ಅದರಲ್ಲಿ ದಕ್ಷಿಣ ಅಮೆರಿಕದ ಒಂದು ಟೆಗುವಿಗೆ ಅವನು ‘ಲಾಸರ್ಟ ಟೆಗುಯಿಕ್ಸಿನ್’ ಎಂದು ಹೆಸರು ಕೊಟ್ಟನು. ಆದರೆ ದಕ್ಷಿಣ ಅಮೆರಿಕದಲ್ಲಿ ಟೆಗುಗಳು ಒಂದೇ ಬಗೆಯವಲ್ಲ. ಉತ್ತರದಲ್ಲಿ, ಅಮೆಜಾನ್ ನದಿಯ ಪ್ರದೇಶದಲ್ಲಿ, ಮಿರುಗುವ ಮೈಯ ಮೇಲೆ ಕಪ್ಪು ಮತ್ತು ಹೊಂಬಣ್ಣದ ಪಟ್ಟೆಗಳಿರುವ ಟೆಗು ಇದೆ. ದಕ್ಷಿಣದಲ್ಲಿ ಕಪ್ಪು ಬಿಳುಪಿನ ಟೆಗು ಇದೆ. ಲಿನೇಯಸನ ವಿವರಣೆಯು ತೀರ ಚಿಕ್ಕದು. ಅವನು ಹೆಸರಿಟ್ಟುದು ಇವೆರಡರಲ್ಲಿ ಯಾವುದಕ್ಕೆ?

1825ರಲ್ಲಿ, ಬ್ರೆಜಿಲಿನಲ್ಲಿ ಪ್ರವಾಸ ಮಾಡಿ ಹಿಂದಿರುಗಿದ್ದ ಸ್ಪಿಕ್ಸ್ ಎಂಬ ಜರ್ಮನ್ ವಿಜ್ಞಾನಿಯು ಹೊಂಬಣ್ಣದ ಟೆಗುವನ್ನು ಹೊಸ ಪ್ರಭೇದವೆಂದು ಭಾವಿಸಿ ‘ನೈಗ್ರೊಪಂಕ್ಟೇಟಸ್’ ಎಂದು ಕರೆದನು. ಕರಿಯ ಚುಕ್ಕೆಗಳುಳ್ಳದ್ದು ಎಂದು ಅದರ ಅರ್ಥ. 1839ರಲ್ಲಿ ಪ್ಯಾರಿಸ್ಸಿನ ದುಮೆರಿಲ್ ಮತ್ತು ಬಿಬ್ರಾಂ ಎಂಬ ಇಬ್ಬರು ವಿದ್ವಾಂಸರು ‘ಸಾಲ್ವೇಟರ್ ಮೆರಿಯಾನೆ’ ಎಂಬ ಹೆಸರನ್ನು ಸೃಷ್ಟಿಸಿದರು. ‘ಸಾಲ್ವೇಟರ್’ ಎಂದರೆ ರಕ್ಷಕ. ಮೊಸಳೆಯು ಬರುವುದನ್ನು ಮುಂಚಿತವಾಗಿ ತಿಳಿಸಿ ಈ ಹಲ್ಲಿಯು ಮನುಷ್ಯನನ್ನು ಕಾಪಾಡುತ್ತದೆಯೆಂಬ ಹಳೆಯ ನಂಬಿಕೆಯು ಆ ಹೆಸರಿನ ಹಿಂದಿದೆ. ‘ಮೆರಿಯಾನೆ’ ಎಂಬುದು ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಮಹಿಳೆಯ ಗೌರವಾರ್ಥವಾಗಿ ಇಟ್ಟ ಹೆಸರು.

ಮೆರಿಯನ್ ಅಸಾಧಾರಣ ವ್ಯಕ್ತಿ. ಹೆಂಗಸರು ವಿಜ್ಞಾನಕ್ಕಾಗಿ ಕಡಲು ದಾಟುವುದನ್ನು ಕನಸಿನಲ್ಲಿಯೂ ಎಣಿಸದಿದ್ದ ಕಾಲದಲ್ಲಿ, 1699ರಲ್ಲಿ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಮಗಳನ್ನು ಜೊತೆಗೆ ಕರೆದುಕೊಂಡು ಆಕೆ ಹಡಗನ್ನೇರಿ ಸುರಿನಾಮಿಗೆ ಹೋದಳು. 1701ರವರೆಗೆ ಅಲ್ಲಿದ್ದು ಕಂಬಳಿಹುಳುಗಳು ಚಿಟ್ಟೆಗಳಾಗುವುದನ್ನು ಕಂಡು ಚಿತ್ರಿಸಿದಳು. 1705ರಲ್ಲಿ ಆಕೆಯ ಗ್ರಂಥವು ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಅದರ ಒಂದು ಪುಟದಲ್ಲಿ ಮರಗೆಣಸಿನ ಗಿಡ, ಅದರ ಸುತ್ತ ಚಿಟ್ಟೆ, ಕೆಳಗೆ ಒಂದು ಎಳೆಯ ಟೆಗು ಇವೆ. ಆದರೆ ಇಲ್ಲಿಯೂ ವಿಧಿಯ ವಿನೋದವೊಂದುಂಟು. ಸುರಿನಾಮ್ ಇರುವುದು ಉತ್ತರದಲ್ಲಿ. ಆಕೆ ಚಿತ್ರಿಸಿದುದು ಹೊಂಬಣ್ಣದ ಟೆಗುವನ್ನು. ಆಕೆಯ ಹೆಸರನ್ನು ಇಂದು ಹೊತ್ತಿರುವುದಾದರೋ ಆಕೆ ಎಂದೂ ಕಾಲಿಡದ ದಕ್ಷಿಣ ದೇಶದ ಕಪ್ಪು ಬಿಳುಪಿನ ಟೆಗು.

ಮುಂದಿನ ವಿದ್ವಾಂಸರು ಈ ಹೆಸರುಗಳನ್ನೆಲ್ಲ ಒಂದು ಕ್ರಮಕ್ಕೆ ತರಲು ಯತ್ನಿಸಿದರು. ಲಿನೇಯಸನ ‘ಟೆಗುಯಿಕ್ಸಿನ್’ ಎಂದರೆ ದಕ್ಷಿಣದ ಕಪ್ಪು ಬಿಳುಪಿನ ಟೆಗು ಎಂದೂ, ಸ್ಪಿಕ್ಸನ ‘ನೈಗ್ರೊಪಂಕ್ಟೇಟಸ್’ ಎಂದರೆ ಉತ್ತರದ ಹೊಂಬಣ್ಣದ ಟೆಗು ಎಂದೂ ಅವರು ತೀರ್ಮಾನಿಸಿದರು. ‘ಮೆರಿಯಾನೆ’ ಎಂಬ ಹೆಸರು ಮೂಲೆಗೆ ಸೇರಿತು. 20ನೆಯ ಶತಮಾನದ ಬಹುಭಾಗ ಗ್ರಂಥಗಳೂ ವಸ್ತುಸಂಗ್ರಹಾಲಯಗಳ ಚೀಟಿಗಳೂ ಸರ್ಕಾರಿ ಕಾಗದಗಳೂ ಇದನ್ನೇ ಅನುಸರಿಸಿದುವು. ಎಲ್ಲರೂ ಒಪ್ಪಿದುದರಿಂದ ಯಾರಿಗೂ ಸಂಶಯ ಬರಲಿಲ್ಲ.

ಸಂಶಯವನ್ನು ಪರಿಹರಿಸಲು ಪ್ರಾಣಿವಿಜ್ಞಾನದಲ್ಲಿ ಎರಡು ನಿಯಮಗಳಿವೆ. ಒಂದು ಪ್ರಭೇದಕ್ಕೆ ಹೆಸರಿಡಲು ಆಧಾರವಾದ ಪ್ರಾಣಿಯ ದೇಹವನ್ನು ‘ಮೂಲಮಾದರಿ’ ಎನ್ನುತ್ತಾರೆ. ಹೆಸರು ಯಾವ ಪ್ರಭೇದಕ್ಕೆ ಸಲ್ಲಬೇಕೆಂಬುದನ್ನು ನಿರ್ಣಯಿಸುವುದು ಆ ಮಾದರಿಯೇ ಹೊರತು ನಂತರ ಬಂದವರ ಅಭಿಪ್ರಾಯವಲ್ಲ. ಇದು ಮೊದಲನೆಯ ನಿಯಮ. ಒಂದೇ ಪ್ರಭೇದಕ್ಕೆ ಎರಡು ಹೆಸರುಗಳು ಬಿದ್ದಿದ್ದರೆ ಅವುಗಳಲ್ಲಿ ಹಳೆಯದೇ ಸಾಧು. ಇದು ಎರಡನೆಯದು. ಬ್ರೆಜಿಲಿನ ತೆರೆಸಾ ಕ್ರಿಸ್ಟಿನಾ ಅವಿಲಾ-ಪಿರೆಸ್ ಎಂಬ ವಿಜ್ಞಾನಿಯು ಅಮೆಜಾನ್ ಪ್ರದೇಶದ ಹಲ್ಲಿಗಳನ್ನೆಲ್ಲ ಕುರಿತು 1995ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಲಿನೇಯಸನ ಹೆಸರಿಗೆ ಆಧಾರವಾದ ಮಾದರಿಯು ಉತ್ತರದ ಹೊಂಬಣ್ಣದ ಟೆಗುವೇ ಎಂಬುದನ್ನು ಅದರಲ್ಲಿ ಅವರು ತೋರಿಸಿಕೊಟ್ಟರು. ಒಂದು ಗಂಟು ಬಿಚ್ಚಿದೊಡನೆ ಉಳಿದುವೆಲ್ಲ ತಾವಾಗಿ ಬಿಚ್ಚಿದುವು. ‘ಟೆಗುಯಿಕ್ಸಿನ್’ ಎಂಬ ಹೆಸರು ಉತ್ತರಕ್ಕೆ ಮರಳಿತು. 1758ರ ಹೆಸರು ಇರುವಾಗ 1825ರ ‘ನೈಗ್ರೊಪಂಕ್ಟೇಟಸ್’ ನಿಲ್ಲುವಂತಿರಲಿಲ್ಲ, ಅದು ಬಿದ್ದುಹೋಯಿತು. ದಕ್ಷಿಣದ ಟೆಗು ಹೆಸರಿಲ್ಲದೆ ಉಳಿಯಿತು. ಆಗ 1839ರಿಂದ ಕಾದಿದ್ದ ‘ಮೆರಿಯಾನೆ’ ಎಂಬ ಹೆಸರು ಅದಕ್ಕೆ ಸಂದಿತು.

ಹಾಗಾದರೆ ಎದುರಿಗಿರುವ ಟೆಗು ಯಾವುದೆಂದು ಗುರುತಿಸುವುದು ಹೇಗೆ? ಬಣ್ಣವೊಂದನ್ನೇ ನಂಬುವಂತಿಲ್ಲ. ಮದ್ಯಸಾರದಲ್ಲಿ ಇಟ್ಟ ಮಾದರಿಯ ಬಣ್ಣವು ಕಾಲಕ್ರಮದಲ್ಲಿ ಮಾಸುತ್ತದೆ. ವಯಸ್ಸಿನೊಡನೆಯೂ ಬಣ್ಣವು ಬದಲಾಗುತ್ತದೆ. ದಕ್ಷಿಣದ ಟೆಗುವಿನ ಮರಿಯು ಮೊಟ್ಟೆಯಿಂದ ಹೊರಬಂದಾಗ ಅದರ ತಲೆಯೂ ಮೈಯ ಮುಂಭಾಗವೂ ಎಳೆಹುಲ್ಲಿನಂತೆ ಹಸುರಾಗಿರುತ್ತವೆ. ಕೆಲವು ತಿಂಗಳಲ್ಲಿ ಆ ಹಸುರು ಮಾಯವಾಗುತ್ತದೆ. ಮರಿಯನ್ನು ಮಾತ್ರ ಕಂಡವನು ಅದನ್ನು ಬೇರೊಂದು ಪ್ರಭೇದವೆಂದೇ ತಿಳಿದಾನು. ಬೆಳೆದ ಗಂಡಿನ ದವಡೆಯ ಸ್ನಾಯುಗಳು ಉಬ್ಬಿ ಕೆನ್ನೆಗಳು ಜೋಲುತ್ತವೆ, ಹೆಣ್ಣಿನಲ್ಲಿ ಹಾಗಿಲ್ಲ. ಇದು ಲಿಂಗಭೇದವೇ ಹೊರತು ಪ್ರಭೇದದ ಗುರುತಲ್ಲ. ವಯಸ್ಸಿನಿಂದ ಆದುದು ಯಾವುದು, ಲಿಂಗದಿಂದ ಆದುದು ಯಾವುದು, ವಂಶದಿಂದ ಬಂದುದು ಯಾವುದು ಎಂದು ಬೇರ್ಪಡಿಸುವುದೇ ಗುರುತಿಸುವವನ ಮೊದಲ ಕೆಲಸ.

ಬಣ್ಣ ಮಾಸಿದರೂ ಮಾಸದಿರುವ ಗುರುತುಗಳು ಹುರುಪೆಗಳಲ್ಲಿವೆ. ಟೆಗುವಿನ ಮುಖವನ್ನು ಪಕ್ಕದಿಂದ ನೋಡಿದರೆ ಮೂಗಿನ ಹೊಳ್ಳೆಗೂ ಕಣ್ಣಿಗೂ ನಡುವೆ ದೊಡ್ಡ ಹುರುಪೆಗಳು ಕಾಣುತ್ತವೆ. ಅವುಗಳಿಗೆ ‘ಲೋರಿಯಲ್’ ಎಂದು ಹೆಸರು. ಉತ್ತರದ ಟೆಗುವಿನಲ್ಲಿ ಮುಖದ ಒಂದೊಂದು ಪಕ್ಕಕ್ಕೆ ಈ ಹುರುಪೆ ಒಂದೇ ಇರುತ್ತದೆ. ದಕ್ಷಿಣದ ಟೆಗುವಿನಲ್ಲಿ ಎರಡಿರುತ್ತವೆ. ಒಂದು ಮೀಟರಿಗೂ ಮಿಕ್ಕಿದ ಪ್ರಾಣಿಯ ಕುಲಗೋತ್ರವನ್ನು ಹೇಳಬಲ್ಲದ್ದು ಉಗುರಿನಷ್ಟು ಅಗಲದ ಈ ಜಾಗ. ಇದರೊಡನೆ ಪ್ರಾಣಿಯು ಸಿಕ್ಕಿದ ಸ್ಥಳವನ್ನೂ ಗಮನಿಸಬೇಕು. ಪರಾಗ್ವೆ ಮತ್ತು ಅರ್ಜೆಂಟೀನಗಳ ಒಣಭೂಮಿಯಲ್ಲಿ ಕೆಂಬಣ್ಣದ ಇನ್ನೊಂದು ಟೆಗು ಇದೆ. ಅದನ್ನು ಗುಂಥರ್ ಎಂಬ ವಿಜ್ಞಾನಿಯು 1871ರಲ್ಲಿ ‘ರುಫೆಸೆನ್ಸ್’ ಎಂದು ಹೆಸರಿಸಿದನು. ಅದಕ್ಕೂ ಲೋರಿಯಲ್ ಹುರುಪೆಗಳು ಎರಡೇ. ಆದುದರಿಂದ ಹುರುಪೆಯ ಎಣಿಕೆಯು ಗುಂಪನ್ನು ತಿಳಿಸುತ್ತದೆ. ಬಣ್ಣ, ಸ್ಥಳ ಮುಂತಾದ ಇತರ ಲಕ್ಷಣಗಳು ಸೇರಿ ಪ್ರಭೇದವನ್ನು ತಿಳಿಸುತ್ತವೆ. ಒಂದೇ ಸಾಕ್ಷಿಯ ಮಾತನ್ನು ನಂಬಿ ತೀರ್ಪು ಕೊಡದಿರುವುದು ನ್ಯಾಯಾಲಯಕ್ಕೆ ಹೇಗೋ ವರ್ಗೀಕರಣಕ್ಕೂ ಹಾಗೆ ಭೂಷಣ.

ಹುರುಪೆಯು ಹೇಳಿದ ಮಾತಿಗೆ ಮುಂದೆ ಮತ್ತೊಂದು ಸಾಕ್ಷಿಯು ದೊರೆಯಿತು. ಜೀವಕೋಶಗಳಲ್ಲಿರುವ ಡಿ.ಎನ್.ಎ.ಯನ್ನು ಹೋಲಿಸಿ 1999ರಲ್ಲಿ ನಡೆಸಿದ ಅಧ್ಯಯನವು, ಟೆಗುಗಳಲ್ಲಿ ಉತ್ತರದ್ದೊಂದು ದಕ್ಷಿಣದ್ದೊಂದು ಹೀಗೆ ಎರಡು ಕವಲುಗಳಿವೆಯೆಂದು ತೋರಿಸಿತು. 2012ರಲ್ಲಿ ಹುರುಪೆ ಮೊದಲಾದ ದೇಹಲಕ್ಷಣಗಳನ್ನು ವಿವರವಾಗಿ ಪರಿಶೀಲಿಸಿದ ವಿಜ್ಞಾನಿಗಳು ದಕ್ಷಿಣದ ಕವಲಿಗೆ ‘ಸಾಲ್ವೇಟರ್’ ಎಂಬ ಹಳೆಯ ಜಾತಿನಾಮವನ್ನು ಪುನಃ ಕೊಟ್ಟರು. ಹೀಗೆ ಕಪ್ಪು ಬಿಳುಪಿನ ಟೆಗುವು ‘ಸಾಲ್ವೇಟರ್ ಮೆರಿಯಾನೆ’ ಆಯಿತು. 1839ರಲ್ಲಿ ಮೂಡಿದ ಹೆಸರು ಪೂರ್ಣವಾಗಿ ಮರಳಿತು. ಹೊಂಬಣ್ಣದ ಟೆಗುವು ‘ಟುಪಿನಾಂಬಿಸ್ ಟೆಗುಯಿಕ್ಸಿನ್’ ಆಗಿಯೇ ಉಳಿಯಿತು. ಆದರೆ ಆ ಒಂದು ಹೆಸರಿನ ಕೆಳಗೂ ಹಲವು ಪ್ರಭೇದಗಳು ಅಡಗಿದ್ದುವು. 2016ರಲ್ಲಿ ಅವುಗಳಲ್ಲಿ ಮೂರನ್ನು ಹೊಸದಾಗಿ ವಿವರಿಸಲಾಯಿತು. ಅವುಗಳಲ್ಲೊಂದಕ್ಕೆ ‘ಕ್ರಿಪ್ಟಸ್’, ಎಂದರೆ ಅಡಗಿದ್ದುದು, ಎಂದೇ ಹೆಸರಿಟ್ಟರು.

ಎರಡು ಹುರುಪೆಗಳಿಗಾಗಿ ಇಷ್ಟು ಶ್ರಮವೇಕೆ ಎಂದು ಕೇಳಬಹುದು. ಉತ್ತರವು ಟೆಗುವಿನ ಬಾಳಿನಲ್ಲಿಯೇ ಇದೆ. ಅದರ ಚರ್ಮವು ಗಟ್ಟಿ; ನೋಟಕ್ಕೂ ಚೆನ್ನ. ಅಮೆರಿಕ ಸಂಯುಕ್ತ ಸಂಸ್ಥಾನ ಮುಂತಾದ ದೇಶಗಳಲ್ಲಿ ಅದರಿಂದ ಬೂಟು, ನಡುಪಟ್ಟಿ, ಕೈಚೀಲಗಳನ್ನು ಮಾಡುತ್ತಿದ್ದರು. 1980ರ ದಶಕದಲ್ಲಿ ಅರ್ಜೆಂಟೀನ ಮತ್ತು ಪರಾಗ್ವೆಗಳಿಂದ ವರ್ಷವೊಂದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಟೆಗು ಚರ್ಮಗಳು ಹೊರದೇಶಗಳಿಗೆ ಹೋದುವು. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಟೆಗುಗಳನ್ನು 1977ರಲ್ಲಿಯೇ ಸೇರಿಸಲಾಗಿತ್ತು. ಅದರಂತೆ ಯಾವ ಪ್ರಭೇದದ ಎಷ್ಟು ಚರ್ಮಗಳು ಸಾಗಿದುವೆಂದು ಬರೆದಿಡಬೇಕು. ಆ ಲೆಕ್ಕಗಳಲ್ಲಿ ಕಪ್ಪು ಬಿಳುಪಿನ ಟೆಗುವಿನ ಹೆಸರು ‘ಟೆಗುಯಿಕ್ಸಿನ್’. ಇಂದು ಆ ಹೆಸರು ಅಮೆಜಾನಿನ ಬೇರೊಂದು ಪ್ರಾಣಿಯದು. ಹೆಸರಿನ ಚರಿತ್ರೆಯನ್ನರಿಯದವನು ಆ ಲೆಕ್ಕವನ್ನೋದಿದರೆ ಲಕ್ಷಾಂತರ ಸಾವುಗಳನ್ನು ತಪ್ಪು ಪ್ರಾಣಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ನಿಜವಾಗಿ ಸತ್ತ ಪ್ರಾಣಿಗೆ ಏನೂ ಆಗಿಲ್ಲವೆಂದು ತಿಳಿಯುತ್ತಾನೆ.

ಇನ್ನೊಂದು ನಿದರ್ಶನವೂ ಇದೆ. ಸಾಕುವುದಕ್ಕಾಗಿ ತಂದ ಟೆಗುಗಳು ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಅಮೆರಿಕದ ಫ್ಲಾರಿಡ ರಾಜ್ಯದಲ್ಲಿ ನೆಲೆಯೂರಿ ಬೆಳೆದಿವೆ. ಅವು ಆಮೆ, ಮೊಸಳೆ ಮತ್ತು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನು ತಿನ್ನುವುದರಿಂದ ಅಲ್ಲಿನ ಪ್ರಾಣಿಗಳಿಗೆ ಕಂಟಕವಾಗಿವೆ. 2021ರಲ್ಲಿ ಆ ರಾಜ್ಯವು ಟೆಗುಗಳನ್ನು ನಿಷಿದ್ಧ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಈ ಟೆಗುಗಳು ಎಷ್ಟು ದೂರ ಹರಡಬಲ್ಲವು? ಉತ್ತರವು ಹೆಸರನ್ನವಲಂಬಿಸಿದೆ. ಅವು ಅಮೆಜಾನಿನ ಸೆಕೆಯಲ್ಲಿ ಬಾಳುವ ಪ್ರಭೇದಕ್ಕೆ ಸೇರಿದ್ದರೆ ಉತ್ತರದ ಚಳಿಯು ಅವುಗಳನ್ನು ತಡೆದೀತು. ಆದರೆ ಫ್ಲಾರಿಡದಲ್ಲಿ ಮುಖ್ಯವಾಗಿ ನೆಲೆಸಿರುವುದು ಸಾಲ್ವೇಟರ್ ಮೆರಿಯಾನೆ. ಅದು ಬಿಲದಲ್ಲಿ ಮಲಗಿ ಚಳಿಗಾಲವನ್ನು ಕಳೆಯಬಲ್ಲ ಪ್ರಾಣಿ. ಇದಲ್ಲದೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೆರಗಿನ ಸಂಗತಿಯನ್ನು ತಿಳಿಸಿತು. ಸರೀಸೃಪಗಳಿಗೆ ಮೈಯ ಕಾವು ಹೊರಗಿನಿಂದಲೇ ದೊರೆಯಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಈ ಟೆಗುವಾದರೋ ಸಂತಾನದ ಋತುವಿನ ರಾತ್ರಿಗಳಲ್ಲಿ ಬಿಲದೊಳಗಿನ ಗಾಳಿಗಿಂತ ಹತ್ತು ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚಾದ ಕಾವನ್ನು ತನ್ನ ಮೈಯಲ್ಲಿ ಕಾಯ್ದುಕೊಳ್ಳುತ್ತದೆ. ಇಂತಹ ಪ್ರಾಣಿಗೆ ಚಳಿಯು ಸುಲಭವಾಗಿ ಗಡಿಯಾಗಲಾರದು. ಫ್ಲಾರಿಡಕ್ಕೆ ಉತ್ತರದಲ್ಲಿರುವ ಜಾರ್ಜಿಯ ರಾಜ್ಯದಲ್ಲಿಯೂ ಅದು ಕಾಣಿಸಿಕೊಂಡಿದೆ. ಹೆಸರು ತಪ್ಪಿದ್ದರೆ ಈ ಎಚ್ಚರಿಕೆಯೂ ತಪ್ಪುತ್ತಿತ್ತು.

ತನ್ನ ನಾಡಿನಲ್ಲಿ ರಕ್ಷಣೆಗೆ ಅರ್ಹವಾದ ಪ್ರಾಣಿಯು ಪರನಾಡಿನಲ್ಲಿ ಉಪದ್ರವವಾಯಿತು. ಎರಡು ಕಡೆಯೂ ಮಾಡಬೇಕಾದ ಮೊದಲ ಕೆಲಸ ಒಂದೇ. ಅದು ಯಾವುದೆಂದು ಸರಿಯಾಗಿ ಗುರುತಿಸುವುದು. ಮಾರ್ಕ್‌ಗ್ರಾವನ ಓದುಗರು ಒಂದು ವಿಭಕ್ತಿಯನ್ನು ಗಮನಿಸಲಿಲ್ಲ. ಮುಂದಿನವರು ಹಿಂದಿನವರ ಮಾತನ್ನು ನಂಬಿ ಮೂಲಮಾದರಿಯನ್ನು ಗಮನಿಸಲಿಲ್ಲ. ಅವರೆಲ್ಲರೂ ಪಂಡಿತರೇ, ಯಾರೂ ಬೇಕೆಂದು ತಪ್ಪಿದವರಲ್ಲ. ತಪ್ಪು ತಿದ್ದಿದುದು ಎಲ್ಲರೂ ಒಪ್ಪಿದ ಮಾತನ್ನು ಮತ್ತೊಮ್ಮೆ ಮೂಲದೊಡನೆ ಹೋಲಿಸಿ ನೋಡಿದಾಗ. ದೊಡ್ಡವರು ಹೇಳಿದ್ದಾರೆಂಬ ಗೌರವವನ್ನು ಬಿಡದೆಯೂ ‘ಮೂಲದಲ್ಲಿ ಏನಿದೆ?’ ಎಂದು ಕೇಳುವ ಧೈರ್ಯವು ವಿಜ್ಞಾನಕ್ಕೆ ಬೇಕು. ಹುರುಪೆಯನ್ನು ಎಣಿಸುವ ತಾಳ್ಮೆಯೂ ಬೇಕು. ಇವೆರಡೂ ಕೂಡಿದಲ್ಲಿ, ತನ್ನ ಪರವಾಗಿ ಮಾತನಾಡಲಾರದ ಪ್ರಾಣಿಗೂ ನ್ಯಾಯ ದೊರೆಯುತ್ತದೆ.

ಅಭ್ಯಾಸ

1. ‘ಟುಪಿನಾಂಬಿಸ್’ ಎಂಬ ಪದವು ಹಲ್ಲಿಯ ಹೆಸರಾದುದು ಹೇಗೆ?
2. ಉಡಕ್ಕೂ ಟೆಗುವಿಗೂ ಇರುವ ಹೋಲಿಕೆ ಮತ್ತು ಭೇದಗಳನ್ನು ತಿಳಿಸಿ.
3. ಟೆಗುವನ್ನು ಬಣ್ಣವೊಂದರಿಂದಲೇ ಏಕೆ ಗುರುತಿಸಲಾಗದು?
4. ‘ಒಂದು ಗಂಟು ಬಿಚ್ಚಿದೊಡನೆ ಉಳಿದುವೆಲ್ಲ ತಾವಾಗಿ ಬಿಚ್ಚಿದುವು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
5. ಹೆಸರು ತಪ್ಪಾದುದರಿಂದ ಆಗಬಹುದಾದ ಹಾನಿಯನ್ನು ಪಾಠದ ಎರಡು ನಿದರ್ಶನಗಳಿಂದ ಸ್ಪಷ್ಟಪಡಿಸಿ.